ಹೊತ್ತು ಮುಳುಗುವುದರೊಳಗೆ

ಮದುವೆಯಾದ ವರ್ಷ ಸ್ಟಮಾಟಿಸ್‌ನ ಅಜ್ಜಿ
ನಮ್ಮಿಬ್ಬರಿಗೂ ಒಂದೇ ಒಂದು ಕಟ್ಟಳೆ ಹಾಕಿದ್ದಳು:
ಜಗಳ ಎಷ್ಟಾದರೂ ಆಡಿ,
ಹೊತ್ತು ಮುಳುಗುವುದರೊಳಗೆ ಮುಗಿಸಿ.

ವೋಲೋಸ್‌ನಲ್ಲಿ ಅದು ಕಷ್ಟವಿರಲಿಲ್ಲ.
ಇಲ್ಲಿ ಸೂರ್ಯ ಅಂಗಡಿಯ ಷಟರಿನ ಹಾಗೆ
ಗಡಗಡನೆ ಇಳಿಯುತ್ತಾನೆ;
ಇಪ್ಪತ್ತಾರು ವರ್ಷ
ಕಡೆಯ ಗೇಣು ಬೆಳಕಿನಲ್ಲಿ
ಒಬ್ಬರಲ್ಲ ಒಬ್ಬರು ಸೋತೆವು.
ಹೆಚ್ಚಾಗಿ ನಾನು. ಅವನನ್ನು ಕೇಳಿದರೆ, ಅವನು.

ಈ ಸಲ ಜೂನ್ ಹದಿನೆಂಟಕ್ಕೆ
ನಾರ್ವೆಯ ನೆತ್ತಿಯ ಮೇಲಿನ ಒಂದು ದ್ವೀಪಕ್ಕೆ
ರಜೆಗೆಂದು ಹೋಗಿ ಇಳಿದೆವು.
ಇಳಿದದ್ದು ನಾವಿಬ್ಬರು. ನೀಲಿ ಚೀಲ ಇಳಿಯಲಿಲ್ಲ.

ಫೆರಿಯ ಬೆಂಚಿನ ಮೇಲೆ ಅದನ್ನು ಕೂರಿಸಿ
ಫೋಟೋ ತೆಗೆಯಲು ಓಡಿದವನು ಅವನು.
ಅರ್ಧ ಊರಿಗೆ ಡ್ರೈವಿಂಗ್ ಕಲಿಸಿದವನು,
'ಹೊರಡುವ ಮುಂಚೆ ಹಿಂದೆ ನೋಡು' ಎಂದು
ದಿನಕ್ಕೆ ನೂರು ಸಲ ಹೇಳುವವನು.
ಚೀಲದೊಳಗೆ ನನ್ನ ಸ್ವೆಟರು, ಹಿತ್ತಾಳೆಯ ಕಾಫಿ ಗಿಂಡಿ,
ಎರಡು ಡಬ್ಬಿ ಆಲಿವ್,
ನಿದ್ದೆಗೆ ಕಣ್ಣಿಗೆ ಕಟ್ಟಿಕೊಳ್ಳುವ ಕಪ್ಪು ಪಟ್ಟಿ.

ಜಗಳ ಚೀಲದಿಂದ ಹೊರಟಿತು.
ಸುರಂಗ ಹೊಕ್ಕು, ಸೇತುವೆ ದಾಟಿ,
ಮೀನು ಒಣಗಿಸುವ ಖಾಲಿ ಚಪ್ಪರಗಳನ್ನು ಹಾದು
ನನ್ನ ತಂಗಿಯ ಮದುವೆಗೆ ಹೋಗಿ ತಲುಪಿತು,
ಅಲ್ಲಿಂದ ಅವನ ಅಣ್ಣನ ಸಾಲಕ್ಕೆ.
ಕಿಟಕಿಯಾಚೆ ಬೆಟ್ಟಗಳು
ಕಡಲೊಳಗಿಂದ ನೆಟ್ಟಗೆ ಎದ್ದು ನಿಂತಿದ್ದವಂತೆ.
ನೋಡಲಿಲ್ಲ.
ಮಾರನೆಯ ದಿನ ನೋಡಿದೆವು. ಅವು ಎಲ್ಲಿಗೂ ಹೋಗಿರಲಿಲ್ಲ.

ಮನೆಯೊಡತಿ ತೋರ್‌ಬ್ಯೋರ್ಗ್
ಕೆಂಪು ಮರದ ಮನೆಯ ಬೀಗದ ಕೈ ಕೊಟ್ಟಳು,
ನಮ್ಮ ಮುಖ ನೋಡಿ ಹವೆಯ ಬಗ್ಗೆ ಮಾತ್ರ ಮಾತಾಡಿದಳು.
ಚೀಲದ ಸಂಗತಿ ಕೇಳಿ, ಫೋನಿನಲ್ಲಿ
ಯಾರಿಗೋ ನಾಲ್ಕು ಮಾತು ಹೇಳಿ,
'ಬರುತ್ತೆ' ಅಂದಳು,
ಬೆಳಗಿನ ಹಾಲು ಬರುತ್ತೆ ಅನ್ನುವ ಹಾಗೆ.

ಬೇಯಿಸಿದ ಕಾಡ್ ಮೀನು, ಆಲೂಗಡ್ಡೆ.
ಉಪ್ಪು ಬೇಕಾದರೂ ಕೇಳದೆ ಉಂಡೆವು.
ಗಂಡ ಹೆಂಡಿರ ಜಗಳ
ಉಂಡು ಮಲಗುವ ತನಕ ಅನ್ನುತ್ತಾರಲ್ಲ,
ಉಂಡಾಯಿತು, ಸರಿ,
ಮಲಗುವುದು ಹೇಗೆ?

ಒಂಬತ್ತು. ಹತ್ತು. ಹನ್ನೊಂದು.
ಇಳಿಯುವ ಹಾಗೆ ಮಾಡಿ
ಕಡಲಂಚಿಗೆ ಬಂದ ಸೂರ್ಯ
ಏನೋ ಮರೆತವನಂತೆ ನಿಂತು
ಪಕ್ಕಕ್ಕೆ ಸರಿಯತೊಡಗಿದ.
ಸ್ಟಮಾಟಿಸ್ ಸೋಲಲೆಂದು ನಾನು ಕಾದೆ,
ನಾನು ಸೋಲಲೆಂದು ಅವನು.
ತೆಳು ಪರದೆ ತೂರಿ ಬಂದ ಬೆಳಕು
ಸಂಧಾನಕ್ಕೆ ಬಂದು ಮಾತು ತೋಚದ ನೆಂಟನಂತೆ
ಮಂಚದ ತುದಿಯಲ್ಲಿ ಕೂತಿತ್ತು.

ಹನ್ನೆರಡಕ್ಕೆ ಹೊರಗೆ ಬಂದರೆ
ಊರಿಗೆ ಊರೇ ಎದ್ದಿದೆ:
ಮುದುಕನೊಬ್ಬ ಮಗುಚಿದ ದೋಣಿಗೆ ಬಣ್ಣ ಬಳಿಯುತ್ತಿದ್ದ,
ಮುಂದಿನ ಹಲ್ಲು ಬಿದ್ದ ಹುಡುಗಿ
ಸೈಕಲ್ಲಿನಲ್ಲಿ ಸುತ್ತುತ್ತಿದ್ದಳು, ಮಲಗು ಎನ್ನುವವರಿಲ್ಲ,
ತೋರ್‌ಬ್ಯೋರ್ಗ್ ಅಂಗಳದ ಹುಲ್ಲು ಕತ್ತರಿಸುತ್ತಿದ್ದಳು.
'ಚಳಿಗಾಲಕ್ಕೆ ಸೂರ್ಯನೇ ಮೂಡೋದಿಲ್ಲ,
ಆಗ ಮಲಗ್ತೀವಿ!'
ಯಂತ್ರ ನಿಲ್ಲಿಸದೆ ಕೂಗಿ ಹೇಳಿದಳು.

ಸ್ಟಮಾಟಿಸ್ ಟೋಪಿ ತೆಗೆದ.
ತೋಳು ಚಾಚಿ ನನ್ನ ಕಣ್ಣಿಗೂ ಸೂರ್ಯನಿಗೂ ನಡುವೆ ಹಿಡಿದ.
ನನ್ನ ಮುಖದ ಮೇಲೆ ಅಂಗೈಯಗಲ ಕತ್ತಲು.
'ಇಗೋ, ಮುಳುಗಿತು' ಅಂದ.

ನಗು ಬಂತು, ನಗಲಿಲ್ಲ.
ಅವನ ತೋಳು ನಡುಗುವ ತನಕ ಬಿಟ್ಟೆ.
ಹೊತ್ತನ್ನು ಹೊತ್ತು ಸಾಕಾಯಿತೇನೋ,
'ಅಣ್ಣನ ಸಾಲದ ಮಾತು ನಿಜ' ಅಂದ, ಮೆಲ್ಲಗೆ.
ಚೀಲದ ಮಾತು ಅವನು ಎತ್ತಲಿಲ್ಲ.
ನಾನೂ ಎತ್ತಲಿಲ್ಲ.

ಆಗ ಬಂತು ಅದು,
ಹಳದಿ ಜಾಕೆಟ್ಟಿನ ಹುಡುಗನ ಮೊಪೆಡ್ಡಿನ ಹಿಂದೆ
ಹಗ್ಗ ಬಿಗಿಸಿಕೊಂಡು.
ನಡುರಾತ್ರಿ ಹನ್ನೆರಡೂವರೆಗೆ
ಅವನು ತನ್ನ ಭಾಷೆಯಲ್ಲಿ ನಮಗೆ
'ಶುಭದಿನ' ಹೇಳಿ ಹೋದ.

ಒಂದು ಗಂಟೆಗೆ ಗಿಂಡಿಯಲ್ಲಿ ಕಾಫಿ ಉಕ್ಕಿತು.
ಆಲಿವ್ ಬೀಜಗಳನ್ನು ಹೊಸದಾಗಿ ಕತ್ತರಿಸಿದ ಹುಲ್ಲಿಗೆ ಉಗುಳುತ್ತ
ಮೆಟ್ಟಿಲ ಮೇಲೆ ಕೂತು ಕುಡಿದೆವು.
ಅದು ಮೊದಲ ದಿನದ ಕಡೆಯ ಕಾಫಿ, ನನ್ನ ಪ್ರಕಾರ.
ಎರಡನೆಯ ದಿನದ ಮೊದಲನೆಯದು ಅನ್ನುತ್ತಾನೆ ಅವನು.
ವಾಪಸು ಬಂದು ತಿಂಗಳಾದರೂ ಇತ್ಯರ್ಥವಾಗಿಲ್ಲ.
ಈಗಲೂ ಅಡುಗೆಮನೆ ಬಾಗಿಲಲ್ಲಿ ನಿಂತು ಅದನ್ನೇ ವಾದಿಸುತ್ತಿದ್ದಾನೆ;
ಅವನ ಬೆನ್ನ ಹಿಂದೆ, ಬಂದರಿನ ಮೇಲೆ,
ಷಟರು ಇಳಿಯುತ್ತಿದೆ.